‘ಬಿಡ್ತು’ ಅಂದರೆ ಚೆಂಡು ಬೀಳುತ್ತದೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಓದುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುವ ವಿಷಯವನ್ನು ಬಚ್ಚಿಟ್ಟು ಏನು ಪ್ರಯೋಜನ? ಧೈರ್ಯವಂತರು ಅನ್ನಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನ, ಹೆದರಬೇಕಾದ ಸಂದರ್ಭ ಇನ್ನೂ ಎದುರಾಗದವರು ಅಂತ ನನ್ನ ನಂಬಿಕೆ. ನನಗೆ ಆ ಕೊರತೆಯಿಲ್ಲ. ಮೇಲ್‌ಬಾಕ್ಸಿನಲ್ಲಿ ಸರ್ಕಾರದ ಲಕೋಟೆ ಕಂಡರೆ ಅದನ್ನು ಒಡೆಯುವ ಮೊದಲು ಎರಡು ಲೋಟ ನೀರು ಕುಡಿಯುತ್ತೇನೆ. ಆಫೀಸಿನಲ್ಲಿ ಮ್ಯಾನೇಜರ್ ‘ಒಂದು ನಿಮಿಷ ಇದೆಯಾ?’ ಅಂತ ಮೆಸೇಜ್ ಹಾಕಿದರೆ, ಅವನು ಪಾರ್ಕಿಂಗ್ ಸ್ಟಿಕ್ಕರಿನ ವಿಷಯ ಕೇಳುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮನೆ ಮಾರಿ, ಸಾಮಾನು ಕಟ್ಟಿ, ಮೈಸೂರಿನ ವಿಮಾನ ಹತ್ತಿರುತ್ತೇನೆ. ಮಗಳ ಸ್ಕೂಲಿನಿಂದ ಫೋನು ಬಂದರಂತೂ ಎತ್ತುವ ಮೊದಲೇ ಕಾರಿನ ಬೀಗದ ಕೈ ಹುಡುಕುತ್ತೇನೆ. ಬಹಳ ಸಲ ಅದು ‘ನಾಳೆ ಹಿಮ ಬೀಳಬಹುದು, ಸ್ಕೂಲು ಎರಡು ಗಂಟೆ ತಡ’ ಅನ್ನುವ ಯಂತ್ರದ ಧ್ವನಿ. ಆದರೆ ಇವೆಲ್ಲ ಮರ್ಯಾದಸ್ಥ ಭಯಗಳು. ಸಂಸಾರವಂದಿಗನಿಗೆ ಇರಬೇಕಾದವೇ. ಈಗ ನಾನು ಹೇಳಹೊರಟಿರುವ ಭಯ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ನಾನು ಜನ್ಮದಲ್ಲಿ ಒಮ್ಮೆಯೂ ಆಡದ, ಅರ್ಧಕ್ಕರ್ಧ ನಿಯಮಗಳೂ ಗೊತ್ತಿಲ್ಲದ ಒಂದು ಆಟಕ್ಕೆ ಹೆದರಿ ಈ ಜನವರಿಯಲ್ಲಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಆ ಆಟ ಅಮೆರಿಕನ್ ಫುಟ್‌ಬಾಲು. ಕಾಲಿಗೆ ಹೆಚ್ಚು ಕೆಲಸವಿಲ್ಲದ ಫುಟ್‌ಬಾಲು. ಒಬ್ಬ ಎಸೆಯುತ್ತಾನೆ, ಒಬ್ಬ ಹಿಡಿದು ಓಡುತ್ತಾನೆ, ಉಳಿದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕ್ರಿಕೆಟ್ಟಿಗೇ ನಿಷ್ಠನಾಗಿ ಉಳಿದಿರುವ ನನ್ನ ಗೆಳೆಯ ಷಫಿ, ಮೈಸೂರಿನವನೇ, ಈಗ ಇಲ್ಲೇ ಪಕ್ಕದ ಶ್ಯಾಂಟಿಲಿಯಲ್ಲಿದ್ದಾನೆ. ಅವನು ಒಂದು ಸಲ ನಮ್ಮ ಮನೆಗೆ ಬಂದು ಅರ್ಧ ಗಂಟೆ ನೋಡಿ, “ಏನ್ ಗುರು ಇದು, ನಾಲ್ಕು ಸೆಕೆಂಡ್ ಆಡ್ತಾರೆ, ನಾಲ್ಕು ನಿಮಿಷ ಮೀಟಿಂಗ್ ಮಾಡ್ತಾರೆ. ಇದನ್ನ ನಾನು ಆಫೀಸಲ್ಲೇ ನೋಡ್ತೀನಲ್ಲ” ಅಂದು ಎದ್ದು ಹೋದ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೂ ನಮ್ಮ ವಾಷಿಂಗ್ಟನ್ನಿನ ತಂಡ ಈ ಸಲ ಹೇಗೋ ತೆವಳಿಕೊಂಡು ಪ್ಲೇಆಫಿಗೆ ಬಂತು. ಪ್ಲೇಆಫ್ ಅಂದರೆ ಸೋತವರು ಮನೆಗೆ ಹೋಗುವ ಸುತ್ತು. ಇನ್ನೊಂದು ಅವಕಾಶ ಇಲ್ಲ. ಎದುರಾಳಿ ದಕ್ಷಿಣದ ಕಡೆಯ ಒಂದು ಊರಿನವರು. ಅವರ ಹೆಸರು ಹೇಳಲು ಆ ವಾರ ನನಗೆ ಬಾಯಿ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ಹಾವನ್ನು ಹಾವು ಅನ್ನದೆ ‘ಹುಳ’ ಅನ್ನುವ ಮನೆಯಲ್ಲಿ ಬೆಳೆದವನು ನಾನು. ಹಾಗಾಗಿ ನಮ್ಮ ಮನೆಯಲ್ಲಿ ಅವರು ‘ಹುಳದವರು’, ಇವರು ‘ನಮ್ಮವರು’. ಇಲ್ಲೂ ಹಾಗೇ ಇರಲಿ.

ಇದೆಲ್ಲ ಶುರುವಾದದ್ದು ಕೋವಿಡ್ಡಿನ ವರ್ಷ. ವಾಷಿಂಗ್ಟನ್ನಿನ ಹತ್ತಿರದ ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸಿನಲ್ಲಿ ಮೂರು ಜನ, ಮೂರು ಲ್ಯಾಪ್‌ಟಾಪು, ಒಂದು ಡೈನಿಂಗ್ ಟೇಬಲ್ಲು. ಮಗಳು ಅನಘಾಳಿಗೆ ಆಗ ಹತ್ತು ವರ್ಷ. ಅವಳ ಕ್ಲಾಸು, ನನ್ನ ಮೀಟಿಂಗು, ನನ್ನ ಹೆಂಡತಿ ಸವಿತಾಳ ಕುಕ್ಕರು ಎಲ್ಲ ಒಂದೇ ಧ್ವನಿಯಲ್ಲಿ ನಡೆಯುತ್ತಿದ್ದ ಕಾಲ. ಭಾನುವಾರ ಹೊರಗೆ ಹೋಗುವ ಹಾಗಿಲ್ಲ, ಯಾರನ್ನೂ ಕರೆಯುವ ಹಾಗಿಲ್ಲ. ಬೇಸರ ತಡೆಯಲಾರದೆ ಒಂದು ದಿನ ಟೀವಿ ಹಾಕಿದೆವು, ಈ ಆಟ ಬರುತ್ತಿತ್ತು. ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಧೈರ್ಯವಾಗಿ ವಿವರಿಸುವುದು ಅಪ್ಪಂದಿರ ಹುಟ್ಟುಗುಣವಾದ್ದರಿಂದ ನಾನು ಕನ್ನಡದಲ್ಲಿ ಕಾಮೆಂಟರಿ ಶುರುಮಾಡಿದೆ. ‘ಹಿಡ್ಕೊ ಹಿಡ್ಕೊ’, ‘ಓಡು’, ‘ತಳ್ಳು’, ‘ಅಯ್ಯೋ ಬಿಟ್ಟ’, ‘ಬಿದ್ದ’, ‘ಹೋಯ್ತು’. ಅವಳೂ ಅದನ್ನೇ ಕೂಗತೊಡಗಿದಳು. ಹಾಗೆ ಅವಳ ಕನ್ನಡ ಬೆಳೆದದ್ದೇ ಟೀವಿಯ ಮುಂದೆ. ಅದರ ಫಲವನ್ನೂ ಉಂಡಿದ್ದೇವೆ. ಎರಡು ವರ್ಷದ ಹಿಂದೆ ಯುಗಾದಿ ಊಟಕ್ಕೆ ಎಲ್ಲರೂ ಸೇರಿದ್ದಾಗ ಸಾಲಿನಲ್ಲಿ ಇವಳ ಮುಂದೆ ನಿಂತು ಮಾತಾಡುತ್ತಿದ್ದ ಹಿರಿಯರೊಬ್ಬರಿಗೆ, “ಆಂಟಿ, ತಳ್ಳು, ತಳ್ಳು, ಮುಂದೆ ಓಡು!” ಅಂದಳು. ಆ ತಾಯಿ ಕೋಸಂಬರಿ ಬಡಿಸಿಕೊಳ್ಳುವುದನ್ನೇ ಮರೆತು ನಮ್ಮ ಕಡೆ ನೋಡಿದರು.

ಈಗ ಅನಘಾಳಿಗೆ ಹದಿನೈದೂವರೆ. ಹದಿನೈದೂವರೆಯ ಮಕ್ಕಳಿರುವ ಮನೆಯವರಿಗೆ ನಾನೇನೂ ಹೇಳಬೇಕಾಗಿಲ್ಲ. ಸ್ಕೂಲು ಹೇಗಿತ್ತು ಅಂದರೆ “ಫೈನ್”. ಊಟ ಹೇಗಿದೆ ಅಂದರೆ “ಫೈನ್”. ಏನಾದರೂ ಬೇಜಾರಾ ಅಂದರೆ “ಐ ಸೆಡ್ ಐ ಆಮ್ ಫೈನ್”. ಅಷ್ಟು ಹೇಳಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಅವಳು ಹುಟ್ಟಿದಾಗಿನಿಂದ ಅವಳ ಜೊತೆ ಮಾತಾಡುತ್ತಲೇ ಇದ್ದವನು ನಾನು, ಇದ್ದಕ್ಕಿದ್ದಂತೆ ನನಗೆ ಸಿಗುವುದು ವಾರಕ್ಕೆ ಆರೇಳು ಪದ. ಆದರೆ ಸೆಪ್ಟೆಂಬರಿನಿಂದ ಆಟ ಮುಗಿಯುವ ತನಕ ಪ್ರತಿ ಭಾನುವಾರ ಮೂರು ಗಂಟೆ ಅವಳು ಸೋಫಾದಲ್ಲಿ ನನ್ನ ಪಕ್ಕ ಕಾಲು ಮಡಿಸಿ ಕೂತು ಬಾಯಿ ತುಂಬಾ ಮಾತಾಡುತ್ತಾಳೆ, ಕಿರುಚುತ್ತಾಳೆ, ನನ್ನ ತೋಳಿಗೆ ಗುದ್ದುತ್ತಾಳೆ. ಮಧ್ಯೆ ಜಾಹೀರಾತು ಬಂದಾಗ, ಬಾಯಿತಪ್ಪಿ, ಸ್ಕೂಲಿನ ಒಂದೆರಡು ವಿಷಯವನ್ನೂ ಹೇಳಿಬಿಡುತ್ತಾಳೆ. ನನ್ನ ಭಯ ಇಷ್ಟೇ. ನಮ್ಮವರು ಸೋತರೆ ಅವತ್ತಿಗೆ ಆಟ ಮುಗಿಯಿತು. ಮುಂದಿನ ಸೆಪ್ಟೆಂಬರ್ ತನಕ ನನಗೆ ಮಗಳಿಲ್ಲ. ತಂಡ ಗೆದ್ದು ಕಪ್ಪು ತರಲಿ ಅನ್ನುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇನ್ನೊಂದು ಭಾನುವಾರ ಸಿಕ್ಕರೆ ಸಾಕಿತ್ತು.

ಇನ್ನು ಸವಿತಾ. ಅವಳಿಗೆ ಈ ಆಟದಲ್ಲಿ ಆಸಕ್ತಿಯಿಲ್ಲ. ಆದರೆ ನನ್ನ ಬಾಯಲ್ಲಿದೆ. ಪುಕ್ಕಲನ ಬಾಯಿಂದ ಬರುವುದೆಲ್ಲ ಅಪಶಕುನವೇ ಆದ್ದರಿಂದ, ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳು ನನಗೆ ಅತಿ ಹೆಚ್ಚು ಸಲ ಹೇಳಿರುವ ಮಾತು “ಬಿಡ್ತು ಅನ್ನಿ”. “ಕೆಲಸ ಹೋದ್ರೆ ಏನು ಗತಿ?” ಅಂದರೆ, “ಥೂ, ಬಿಡ್ತು ಅನ್ನಿ!” “ಚಳಿಗಾಲದಲ್ಲಿ ಹೀಟರ್ ಕೆಟ್ಟು ನೀರಿನ ಪೈಪ್ ಒಡೆದ್ರೆ?” “ಬಿಡ್ತು ಅನ್ನಿ ಅಂದ್ನಲ್ಲ!” ನಾನು ತಕ್ಷಣ ‘ಬಿಡ್ತು’ ಅನ್ನಬೇಕು. ಅಸ್ತು ದೇವತೆಗಳು ಸದಾ ಮನೆಯ ಮೇಲೆ ಸುಳಿದಾಡುತ್ತಾ, ಒಳಗಿನವರು ಏನಂದರೂ ‘ಅಸ್ತು’ ಅನ್ನುತ್ತಾ ಇರುತ್ತಾರಂತೆ. ಅವರು ಬಾಯಿ ತೆರೆಯುವ ಮೊದಲೇ ನಾವು ಮಾತು ವಾಪಸ್ ತೆಗೆದುಕೊಳ್ಳಬೇಕು. ನಮ್ಮ ಟೌನ್‌ಹೌಸಿನ ಅಸೋಸಿಯೇಷನ್ನಿನವರು ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೂ ಅನುಮತಿ ಕೊಡುವುದಿಲ್ಲ. ಅಂಥ ಕಡೆ ಈ ದೇವತೆಗಳು ಯಾರನ್ನು ಕೇಳಿ ನಮ್ಮ ಸೂರಿನ ಮೇಲೆ ಕೂತಿದ್ದಾರೋ ತಿಳಿಯದು. ಹಾಗಂತ ನಾನು ನಗುವ ಹಾಗೂ ಇಲ್ಲ. ನಮ್ಮಜ್ಜಿ ಬಳೆ ಒಡೆದರೆ ‘ಒಡೆಯಿತು’ ಅನ್ನುತ್ತಿರಲಿಲ್ಲ, ‘ಬಳೆ ಹೆಚ್ಚಿತು’ ಅನ್ನುತ್ತಿದ್ದರು. ನಾನು ಹೊರಗೆ ಹೊರಟು ‘ಹೋಗ್ತೀನಿ’ ಅಂದರೆ ಕರೆದು ಕೂರಿಸಿ ‘ಹೋಗ್ಬರ್ತೀನಿ ಅನ್ನು’ ಅಂತ ಹೇಳಿಸಿ ಕಳಿಸುತ್ತಿದ್ದರು. ಒಮ್ಮೆ ಪರೀಕ್ಷೆಯ ದಿನ ಹಾಗೆ ಎರಡು ಸಲ ವಾಪಸ್ ಕರೆಸಿಕೊಂಡು ಬಸ್ಸು ತಪ್ಪಿಹೋಯಿತು. ಮಾತಿಗೆ ಇಷ್ಟು ಹೆದರುವ ವಂಶದಿಂದ ಬಂದವನು ಯಾವ ಬಾಯಲ್ಲಿ ನಗಲಿ?

ತೊಂದರೆ ಶುರುವಾದದ್ದು ಅಕ್ಟೋಬರಿನಲ್ಲಿ. ಒಂದು ಭಾನುವಾರ ಆಟ ಬಿಗಿಯಾಗಿತ್ತು. ನಾನು ಅಭ್ಯಾಸಬಲದಿಂದ “ಇವತ್ತು ಸೋತೇ ಹೋಗ್ತಾರೆ” ಅಂದೆ. ಅಡುಗೆಮನೆಯಿಂದ “ಬಿಡ್ತು ಅನ್ನಿ” ಅಂತ ಬಂತು. ನಾನು “ಬಿಡ್ತು” ಅಂದೆ. ಅದೇ ಕ್ಷಣ ನಮ್ಮವನೊಬ್ಬ ಎದೆಗೆ ಬಂದ ಚೆಂಡನ್ನು ಕೈಬಿಟ್ಟ. ಅನಘಾ ಸೋಫಾದಿಂದ ಹಾರಿದಳು.

“ಅಪ್ಪಾ! ವೈ ವುಡ್ ಯು ಸೇ ದಟ್? ನೀನು ಬಿಡ್ತು ಅಂದೆ, ಅವ್ನು ಬಿಟ್ಟ!”

ಐದು ವರ್ಷ ಟೀವಿಯ ಮುಂದೆ ಕಲಿತ ಕನ್ನಡದಲ್ಲಿ ಅವಳಿಗೆ ‘ಬಿಟ್ಟ’, ‘ಬಿಡ್ತಾನೆ’, ‘ಬಿಡ್ತು’ ಎಲ್ಲದಕ್ಕೂ ಒಂದೇ ಅರ್ಥ: ಚೆಂಡು ಕೈಯಿಂದ ಜಾರುವುದು. ಸವಿತಾ ಬಂದು, ಅದು ಹಾಗಲ್ಲ ಪುಟ್ಟಾ, ಕೆಟ್ಟದ್ದು ನಮ್ಮನ್ನು ಬಿಟ್ಟು ಹೋಗಲಿ ಅಂತ ಅರ್ಥ, ಅಂತ ವಿವರಿಸಿದಳು. ಮಗಳು, “ಸೋ, ಅವ್ನು ಡ್ರಾಪ್ ಮಾಡ್ಬಾರ್ದು ಅಂತ ನೀವು ‘ಡ್ರಾಪ್’ ಅಂತೀರಾ? ದಟ್ ಮೇಕ್ಸ್ ನೋ ಸೆನ್ಸ್, ಅಮ್ಮಾ” ಅಂದಳು. ನಾನು ಎಂ.ಟೆಕ್ ಓದಿದವನು. ಟೀವಿಯ ಸೌಂಡು ಜಾಸ್ತಿ ಮಾಡಿದೆ. ಅವತ್ತಿನಿಂದ ಮನೆಯಲ್ಲಿ ಎರಡು ಕಾನೂನು. ಅಮ್ಮನ ಕಾನೂನಿನ ಪ್ರಕಾರ ಕೆಟ್ಟ ಮಾತಾಡಿದ ತಕ್ಷಣ ‘ಬಿಡ್ತು’ ಅನ್ನಲೇಬೇಕು. ಮಗಳ ಕಾನೂನಿನ ಪ್ರಕಾರ ನಮ್ಮವರ ಕೈಯಲ್ಲಿ ಚೆಂಡಿರುವಾಗ ಆ ಪದ ಯಾರ ಬಾಯಿಂದಲೂ ಬರಕೂಡದು. ಕೊನೆಗೆ ರಾಜಿಯಾಯಿತು. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ನಾನು ನನ್ನ ಭಯಗಳನ್ನು ಒಳಗೇ ನುಂಗಿಟ್ಟುಕೊಳ್ಳಬೇಕು, ಚೆಂಡು ಎದುರಾಳಿಗಳ ಕೈಗೆ ಹೋದ ಮೇಲೆ ಎಲ್ಲಕ್ಕೂ ಸೇರಿಸಿ ‘ಬಿಡ್ತು, ಬಿಡ್ತು, ಬಿಡ್ತು’ ಅಂತ ಒಟ್ಟಿಗೆ ಹೇಳಿಕೊಳ್ಳಬೇಕು. ಅವರಲ್ಲಿ ಯಾರಾದರೂ ಚೆಂಡು ಬಿಟ್ಟರೆ ಅದು ಲಾಭ. ನವೆಂಬರಿನಲ್ಲಿ ಹಾಗೆ ಇಬ್ಬರು ಬಿಟ್ಟದ್ದೂ ಉಂಟು. ಆಗ ಮಗಳು ನನ್ನ ಬೆನ್ನು ತಟ್ಟಿದಳು.

ಪ್ಲೇಆಫಿನ ವಾರ ಸೋಮವಾರ ರೆಸ್ಟನ್ನಿನ ಆಫೀಸಿಗೆ ಹೋದರೆ ಡೆನಿಸ್ ನನಗಾಗಿ ಕಾಯುತ್ತಿದ್ದ. ಡೆನಿಸ್ ನನ್ನ ಪಕ್ಕದ ಮೇಜಿನವನು, ಅರವತ್ತು ದಾಟಿದ್ದಾನೆ, ಹುಟ್ಟಿನಿಂದ ಇದೇ ತಂಡದ ಭಕ್ತ. ನಮ್ಮವರು ಕೊನೆಯ ಸಲ ದೊಡ್ಡದಾಗಿ ಗೆದ್ದಾಗ ತನ್ನ ತಲೆಗೂದಲು ಕಪ್ಪಗಿತ್ತು ಅನ್ನುತ್ತಾನೆ. ಈಗ ಬಣ್ಣದ ಮಾತು ಹಾಗಿರಲಿ, ಕೂದಲೇ ಇಲ್ಲ. ನಾನು ಅವನಿಂದ ಧೈರ್ಯ ಸಿಗಬಹುದು ಅಂದುಕೊಂಡಿದ್ದೆ. ಅವನು ಕಾಫಿ ಕಪ್ಪು ಹಿಡಿದುಕೊಂಡು, “ಈ ಸಲ ಒಳ್ಳೆಯ ತಂಡ. ಅದಕ್ಕೇ ನನಗೆ ಭಯ. ಕೆಟ್ಟ ತಂಡವಾದರೆ ಏನೂ ನಿರೀಕ್ಷೆ ಇರೋದಿಲ್ಲ” ಅಂದ. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು. ಆಮೇಲೆ ಅವನು ಒಂದೊಂದಾಗಿ ಲೆಕ್ಕ ಹೇಳತೊಡಗಿದ. ಎಸೆಯುವವನ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನರಲ್ಲಿ ನಮ್ಮ ಎಡಗಡೆಯವನಿಗೆ ಪಾದ ಉಳುಕಿದೆ. ಹುಳದವರ ಕಡೆ ಸರಿಯಾಗಿ ಆ ಜಾಗದಿಂದಲೇ ನುಗ್ಗುವ ಒಬ್ಬನಿದ್ದಾನೆ, ಅವನ ತೊಡೆ ನನ್ನ ಸೊಂಟದಷ್ಟಿದೆ. ಇದನ್ನು ಹೇಳುವಾಗ ಡೆನಿಸ್ ನಿಜವಾಗಿಯೂ ನನ್ನ ಸೊಂಟ ನೋಡಿದ. ಅವನು ಆಡಿದ ಒಂದೊಂದು ಮಾತಿಗೂ ‘ಬಿಡ್ತು ಅನ್ನು’ ಅಂತ ಹೇಳಬೇಕು ಅನ್ನಿಸುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳುವ ದಾರಿ ಗೊತ್ತಾಗದೆ, ಅವನ ಪರವಾಗಿ ನಾನೇ ಒಳಗೊಳಗೆ ಹೇಳಿಕೊಂಡೆ.

ಮಂಗಳವಾರದಿಂದ ಶುಕ್ರವಾರದ ತನಕ ನಾನು ಮಾಡಿದ್ದು ಒಂದೇ ಕೆಲಸ. ಕಂಪ್ಯೂಟರಿನಲ್ಲಿ ಒಂದು ಕಡೆ ಕೋಡು ತೆರೆದಿಟ್ಟು, ಇನ್ನೊಂದು ಕಡೆ ಎರಡೂ ತಂಡಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು. ಹಿಂದೆ ನನ್ನ ಮದುವೆಗೆ ಅಪ್ಪ ಜಾತಕ ಕೂಡಿಸಿದಾಗಲೂ ಇಷ್ಟು ಗಮನ ಕೊಟ್ಟಿರಲಿಲ್ಲ. ಅಲ್ಲಿ ಮೂವತ್ತಾರಕ್ಕೆ ಹದಿನೆಂಟು ಬಂದರೂ ಸಾಕಿತ್ತು. ಇಲ್ಲಿ ಎಷ್ಟು ಕೂಡಿಸಿದರೂ ನಮ್ಮ ಕಡೆಗೆ ಏನೂ ಬರುತ್ತಿರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕು, ಅಂದರೆ ಚೆಂಡೆಸೆಯುವ ನಾಯಕ, ಹತ್ತು ವರ್ಷ ಪಳಗಿದವನು. ನಮ್ಮವನಿಗೆ ಗಡ್ಡವೂ ಸರಿಯಾಗಿ ಬಂದಿಲ್ಲ. ಅವರ ಓಟಗಾರ ಬಾಗಿಲಿನ ಮೂಲಕ ಹೋಗುವವನಲ್ಲ, ಗೋಡೆಯ ಮೂಲಕ ಹೋಗುವವನು. ಆಟ ನಡೆಯುವುದು ಅವರ ಊರಿನಲ್ಲಿ, ಅದೂ ಸೂರಿರುವ ಮೈದಾನದಲ್ಲಿ. ಆದ್ದರಿಂದ ಹಿಮವೋ ಮಳೆಯೋ ಬಂದು ಅವರೂ ಜಾರಿ ಬೀಳಬಹುದು ಅನ್ನುವ ನನ್ನ ಕೊನೆಯ ಆಸೆಯೂ ಉಳಿಯಲಿಲ್ಲ. ಒಂದೇ ಒಂದು ಸಮಾಧಾನ ಸಿಕ್ಕಿದ್ದು ಸವಿತಾಳಿಂದ. ಭಾನುವಾರ ರಾಹುಕಾಲ ನಾಲ್ಕೂವರೆಗೆ, ನಿಮ್ಮ ಆಟ ಒಂದು ಗಂಟೆಗೆ ಶುರುವಾದರೆ ಅಷ್ಟರಲ್ಲಿ ಮುಗಿಯುತ್ತಲ್ಲ, ಯಾಕೆ ಯೋಚನೆ ಅಂದಳು. ರಾಹು ಎರಡೂ ತಂಡಗಳಿಗೂ ಒಬ್ಬನೇ ಅಲ್ಲವೇ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಇರುವ ಒಂದು ಸಮಾಧಾನವನ್ನೂ ಯಾಕೆ ಕಳೆದುಕೊಳ್ಳಲಿ.

ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮ್ಯಾಚಪ್. ಇದು ಅನಘಾ ಹನ್ನೊಂದನೇ ವಯಸ್ಸಿನಲ್ಲಿ ಶುರುಮಾಡಿದ ಪದ್ಧತಿ. ಅಕ್ಕಿರೊಟ್ಟಿ ತಿನ್ನುತ್ತಾ ಒಂದು ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ನಮ್ಮವರು, ಬಲಕ್ಕೆ ಎದುರಾಳಿಗಳು ಅಂತ ಬರೆದು, ಒಂದೊಂದು ಜಾಗದಲ್ಲೂ ಯಾರು ಮೇಲು ಅಂತ ಇಬ್ಬರೂ ಚರ್ಚಿಸಿ ಗುರುತು ಹಾಕುವುದು. ಅವತ್ತು ನಾನು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ನಿಜ ಹೇಳಿದರೆ ಅಪಶಕುನ. ಸುಳ್ಳು ಹೊಗಳಿದರೆ ದೃಷ್ಟಿಯಾಗುತ್ತದೆ. ಆದರೂ ಎರಡರಲ್ಲಿ ಸುಳ್ಳೇ ವಾಸಿ ಅಂತ ತೀರ್ಮಾನಿಸಿದೆ. ಸೋಲು ಖಚಿತ ಅಂತ ಅವಳಿಗೆ ಇವತ್ತೇ ಗೊತ್ತಾಗಿಬಿಟ್ಟರೆ, ನಾಳೆ ಟೀವಿಯ ಮುಂದೆ ಬಂದು ಕೂರದೆ ಇರಬಹುದಲ್ಲ.

“ಓಕೆ. ಕ್ಯೂಬಿ?” ಅಂದಳು. ಕ್ವಾರ್ಟರ್‌ಬ್ಯಾಕಿಗೆ ಅವಳು ಕರೆಯುವ ಹೆಸರು ಅದು.

“ನಮ್ಮವನೇ” ಅಂದೆ.

“ರಿಯಲಿ? ಅವ್ರ ಕ್ಯೂಬಿಗೆ ಟೆನ್ ಇಯರ್ಸ್ ಎಕ್ಸ್‌ಪೀರಿಯನ್ಸ್ ಇದೆ.”

“ಎಕ್ಸ್‌ಪೀರಿಯನ್ಸ್ ಅಂದ್ರೆ ಏನು, ವಯಸ್ಸು ತಾನೇ? ಮೊಣಕಾಲು ನೋಯ್ತಾ ಇರತ್ತೆ ಪಾಪ. ನನಗೆ ನೋಯಲ್ವಾ?”

ಅವಳು ಎಡಗಡೆ ಗುರುತು ಹಾಕಿ, ಪಕ್ಕದಲ್ಲಿ ‘ಕಾರಣ: ಅಪ್ಪನ ಮೊಣಕಾಲು’ ಅಂತ ಇಂಗ್ಲಿಷಿನಲ್ಲಿ ಬರೆದಳು. ಅಡ್ಡಗೋಡೆಯ ಐದು ಜನರ ವಿಷಯ ಬಂತು. ನಮ್ಮವರು ತೂಕ ಕಮ್ಮಿ, ಆದ್ದರಿಂದ ಚುರುಕು ಅಂದೆ. ಎಡಗಡೆಯವನ ಪಾದ ಉಳುಕಿದೆಯಲ್ಲ ಅಂದಳು. ಉಳುಕಿದ್ದು ಹಾಗೇ ಓಡಾಡಿದರೆ ಸರಿಹೋಗುತ್ತದೆ, ನಮ್ಮಜ್ಜಿ ಹಾಗೇ ಹೇಳುತ್ತಿದ್ದರು ಅಂದೆ. ಚೆಂಡನ್ನು ಕಂಬಗಳ ನಡುವೆ ಒದೆಯುವ ಕಿಕ್ಕರ್ ನಮಗೆ ಈ ವರ್ಷ ಮೂರನೆಯವನು, ಮೊದಲಿನ ಇಬ್ಬರನ್ನು ಕಳಿಸಿಬಿಟ್ಟಿದ್ದಾರೆ. ಅದಕ್ಕೂ ನಾನು, “ಕೆಲಸ ಹೋಗೋ ಭಯ ಇರೋನು ನಿಯತ್ತಾಗಿ ಒದೀತಾನೆ ಕಣೇ, ನನ್ನನ್ನೇ ನೋಡು” ಅಂದೆ. ಅಡುಗೆಮನೆಯಿಂದ ಸವಿತಾ, “ಕೆಲಸದ ವಿಷ್ಯ ಯಾಕೆ ಎತ್ತಿದ್ರಿ? ಬಿಡ್ತು ಅನ್ನಿ” ಅಂದಳು. ನಾನು ಮಗಳ ಮುಖ ನೋಡಿದೆ. “ಇಟ್ಸ್ ಓಕೆ, ಈಗ ಗೇಮ್ ಇಲ್ಲ” ಅಂತ ಅವಳು ಅನುಮತಿ ಕೊಟ್ಟ ಮೇಲೆ ಬಿಡ್ತು ಅಂದೆ. ಹೀಗೆ ಅರ್ಧ ಗಂಟೆಯಲ್ಲಿ ಹಾಳೆಯ ಎಡಭಾಗವೆಲ್ಲ ತುಂಬಿತು, ಬಲಭಾಗ ಖಾಲಿ. ಆ ಹಾಳೆಯನ್ನು ನಂಬುವುದಾದರೆ ಹುಳದವರು ಮೈದಾನಕ್ಕೆ ಬರುವ ತೊಂದರೆಯನ್ನೇ ತೆಗೆದುಕೊಳ್ಳಬೇಕಾಗಿರಲಿಲ್ಲ.

ಅನಘಾ ಹಾಳೆಯನ್ನು ನೋಡಿದಳು. ಆಮೇಲೆ ತನ್ನ ನೋಟ್‌ಬುಕ್ಕಿನಿಂದ ಮಡಿಸಿದ ಇನ್ನೊಂದು ಹಾಳೆ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ಅದೇ ಪಟ್ಟಿ, ಅವಳೇ ಗುರುವಾರ ಕೂತು ಮಾಡಿದ್ದು. ಪ್ರತಿಯೊಂದು ಗುರುತೂ ಬಲಗಡೆ.

“ನಂಗೆ ಗೊತ್ತು ಅಪ್ಪಾ. ವಿ ಆರ್ ಗೋಯಿಂಗ್ ಟು ಲೂಸ್. ನೀನು ಏನು ಹೇಳ್ತೀಯ ನೋಡೋಣ ಅಂತ ಕೇಳ್ದೆ. ಯಾಕೆ ಸುಳ್ಳು ಹೇಳ್ದೆ?”

ನನಗೆ ನಿಜವಾಗಿ ನಾಚಿಕೆಯಾಯಿತು. ಮಗಳು ಎರಡು ದಿನದಿಂದ ಸತ್ಯವನ್ನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡು ಆರಾಮಾಗಿ ಸ್ಕೂಲಿಗೆ ಹೋಗಿಬಂದಿದ್ದಾಳೆ. ನಾನು ಅದೇ ಸತ್ಯಕ್ಕೆ ನಾಲ್ಕು ದಿನ ನಿದ್ದೆಗೆಟ್ಟಿದ್ದೇನೆ. “ಸೋತ್ರೆ ಸೆಪ್ಟೆಂಬರ್ ತನಕ ಏನು ಮಾಡೋದು?” ಅಂತ ಕೇಳಿದೆ. ಅವಳು ರೊಟ್ಟಿ ಮುರಿಯುತ್ತಾ, “ವೇಟ್ ಮಾಡೋದು” ಅಂದಳು. ಅವಳ ಪ್ರಕಾರ ಅದೊಂದು ಪ್ರಶ್ನೆಯೇ ಆಗಿರಲಿಲ್ಲ.

ಭಾನುವಾರ ಬಂತು. ನಾನು ಅದೃಷ್ಟದ ಅಂಗಿ ಹಾಕಿಕೊಂಡು ಸೋಫಾದ ಅದೃಷ್ಟದ ಮೂಲೆಯಲ್ಲಿ ಕೂತೆ. ಸವಿತಾ ಕೇಸರಿಬಾತಿಗೆ ರವೆ ಹುರಿದಿಟ್ಟಳು. ಗೆದ್ದರೆ ಸಕ್ಕರೆ ಹಾಕುವುದು, ಸೋತರೆ ಉಪ್ಪಿಟ್ಟು ಮಾಡುವುದು ಅಂತ ಅವಳ ಲೆಕ್ಕ. ಆಟ ನೋಡಿದರೆ ನಮ್ಮ ಎರಡೂ ಹಾಳೆಗಳು ಸುಳ್ಳಾದವು. ಗಡ್ಡ ಬಾರದ ಹುಡುಗ ಚೆನ್ನಾಗಿ ಎಸೆದ. ಉಳುಕಿದ ಪಾದದವನು ಆ ತೊಡೆಯವನನ್ನು ಹೇಗೋ ತಡೆದ. ಮೂರನೆಯ ಕಿಕ್ಕರ್ ನಾನು ಹೇಳಿದ ಹಾಗೇ ನಿಯತ್ತಾಗಿ ಒದ್ದ. ಹೊತ್ತು ಹೋದ ಹಾಗೆ ನನ್ನ ಭಯ ಇಳಿಯುವ ಬದಲು ಏರಿತು. ಗೆಲ್ಲುವ ಆಸೆ ಹುಟ್ಟಿದ ಮೇಲೆ ಕಳೆದುಕೊಳ್ಳುವುದಕ್ಕೆ ಏನೋ ಇದೆ ಅಂತಾಯಿತಲ್ಲ. ಡೆನಿಸ್ ಕಾಫಿ ಕಪ್ಪು ಹಿಡಿದು ಹೇಳಿದ್ದು ಅದನ್ನೇ. ನಾಲ್ಕು ಗಂಟೆಯ ಹೊತ್ತಿಗೆ ನಾವು ನಾಲ್ಕೇ ಪಾಯಿಂಟು ಹಿಂದೆ, ಉಳಿದಿದ್ದು ಐದು ಸೆಕೆಂಡು, ಅಂದರೆ ಕೊನೆಯ ಒಂದೇ ಎಸೆತ, ಚೆಂಡು ನಮ್ಮ ಕೈಯಲ್ಲಿ. ಅನಘಾ ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹುಡುಗ ಚೆಂಡನ್ನು ಎತ್ತರಕ್ಕೆ ಎಸೆದ. ಮೂಲೆಯಲ್ಲಿ ನಮ್ಮವನೊಬ್ಬ ಒಂಟಿಯಾಗಿ ನಿಂತಿದ್ದ, ಸುತ್ತ ಯಾರೂ ಇಲ್ಲ, ಹಿಡಿದರೆ ಆರು ಪಾಯಿಂಟು, ಗೆದ್ದ ಹಾಗೆ. ಮೂರು ಗಂಟೆಗಳ ಕಾಲ ಹಲ್ಲು ಕಚ್ಚಿ ಹಿಡಿದಿದ್ದ ನನ್ನ ಪುಕ್ಕಲುತನ ಆ ಒಂದು ಕ್ಷಣದಲ್ಲಿ ಬಾಯಿಂದ ಹೊರಗೆ ಬಂದುಬಿಟ್ಟಿತು.

“ಅಯ್ಯೋ, ಬಿಟ್ಟುಬಿಡ್ತಾನೆ!”

“ಬಿಡ್ತು ಅನ್ನಿ!” ಅಡುಗೆಮನೆಯಿಂದ ಸವಿತಾ.

“ಬಿಡ್ತು!” ಅಂದೆ. ಅಂದದ್ದು ನಾನಲ್ಲ, ನಲವತ್ತೇಳು ವರ್ಷದ ಅಭ್ಯಾಸ.

ಚೆಂಡು ಅವನ ಎರಡೂ ಅಂಗೈಗಳ ಮಧ್ಯೆ ಬಂತು, ಎದೆಗೆ ಬಡಿಯಿತು, ಹುಲ್ಲಿನ ಮೇಲೆ ಬಿತ್ತು.

ಅನಘಾ ನನ್ನ ತೋಳು ಬಿಟ್ಟಳು. ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದಳು. ಸವಿತಾ ಸೌಟು ಹಿಡಿದುಕೊಂಡು ಬಂದು, “ಏನಾಯ್ತು ರೀ? ಸಕ್ಕರೆ ಹಾಕ್ಲಾ?” ಅಂದಳು. ಮಗಳು ಎದ್ದು ಮಹಡಿ ಹತ್ತಿದಳು, ಬಾಗಿಲು ಹಾಕಿದ ಸದ್ದು ಕೇಳಿಸಿತು. ಟೀವಿಯಲ್ಲಿ ಹುಳದವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. “ಒಂದು ಆಟಕ್ಕೆ ಹೀಗಾ? ಮುಖ ತೊಳ್ಕೊಳ್ಳಿ, ಉಪ್ಪಿಟ್ಟು ಮಾಡ್ತೀನಿ” ಅಂತ ಸವಿತಾ ಭುಜ ಮುಟ್ಟಿ ಹೋದಳು. ಆಟಕ್ಕಲ್ಲ ಅಂತ ಹೇಳಲಿಲ್ಲ. ಹಾಗೇ ಅಂದುಕೊಳ್ಳಲಿ ಅಂತ ಎದ್ದು ಮುಖ ತೊಳೆದುಕೊಂಡೆ.

ಅರ್ಧ ಗಂಟೆಯ ಮೇಲೆ ಅನಘಾ ಇಳಿದು ಬಂದು ಉಪ್ಪಿಟ್ಟಿನ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಕೂತಳು. “ಇಟ್ಸ್ ನಾಟ್ ಯುವರ್ ಫಾಲ್ಟ್ ಅಪ್ಪಾ. ಮೋಸ್ಟ್ಲಿ” ಅಂದಳು. ಎರಡು ಚಮಚ ತಿಂದ ಮೇಲೆ, “ನೆಕ್ಸ್ಟ್ ಸಂಡೇಯಿಂದ ನೀನು ಫ್ರೀ ಅಲ್ವಾ?” ಅಂತ ಕೇಳಿದಳು.

“ಪೂರ್ತಿ ಫ್ರೀ” ಅಂದೆ.

“ಗುಡ್. ನಾನು ಲರ್ನರ್ಸ್ ಪರ್ಮಿಟ್‌ಗೆ ಅಪ್ಲೈ ಮಾಡ್ತಾ ಇದ್ದೀನಿ. ಲೈಸೆನ್ಸ್ ಕೊಡೋಕೆ ಮೊದ್ಲು ಫಾರ್ಟಿಫೈವ್ ಅವರ್ಸ್ ದೊಡ್ಡೋರ ಜೊತೆ ಡ್ರೈವ್ ಮಾಡ್ಬೇಕು. ಅಮ್ಮ ಕಿರುಚ್ತಾಳೆ. ನೀನು ಬರ್ತೀಯಾ?”

ನಲವತ್ತೈದು ಗಂಟೆ! ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ಒಂದು ಆಟಕ್ಕೆ ಮೂರು ಗಂಟೆಯಾದರೆ ಹದಿನೈದು ಆಟದಷ್ಟು ಹೊತ್ತು, ಜಾಹೀರಾತಿಲ್ಲದೆ, ಕಾರಿನಲ್ಲಿ ಇಬ್ಬರೇ. ಇಷ್ಟು ವರ್ಷ ಆ ತಂಡ ಯಾಕೆ ಗೆಲ್ಲಬೇಕು ಅಂದುಕೊಂಡಿದ್ದೆನೋ ಅದೇ ನನಗೆ ತಿಳಿಯದಾಯಿತು. ಬಾಯಿ ತುಂಬಾ “ಆಗ್ಲಿ” ಅಂದೆ, ತಟ್ಟೆಯ ಉಪ್ಪಿಟ್ಟೆಲ್ಲ ತಿಂದೆ.

ಪರ್ಮಿಟ್ ಕೈಗೆ ಬಂತು. ಮೊದಲ ಎರಡು ಭಾನುವಾರ ಶ್ಯಾಂಟಿಲಿಯ ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸುತ್ತಿದೆವು. ಮೂರನೆಯ ವಾರ ಅವಳು ರೂಟ್ ಟ್ವೆಂಟಿಏಟಿಗೆ ಕಾರು ಇಳಿಸಿದಳು. ಮೂರು ಸಾಲಿನ ರಸ್ತೆ, ಎರಡೂ ಕಡೆ ಬುಸುಗುಡುವ ಟ್ರಕ್ಕುಗಳು. ನಾನು ಪಕ್ಕದ ಸೀಟಿನಲ್ಲಿ. ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಒತ್ತಿ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಸ್ಟೀರಿಂಗ್ ಕೈಗೆ ಬಂದರೆ ಹುಡುಗಿಗೆ ಮಾತು ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಕೆಮಿಸ್ಟ್ರಿ ಟೀಚರಿನ ಅನ್ಯಾಯ, ಗೆಳತಿಯ ಜೊತೆ ಡಿಸೆಂಬರಿನಲ್ಲಿ ಆದ ಜಗಳ, ಊಟದ ಹೊತ್ತಿನಲ್ಲಿ ಯಾರ ಪಕ್ಕ ಕೂರುವುದು ಅನ್ನುವ ಕಷ್ಟ, ಎಲ್ಲವನ್ನೂ ಹೇಳಿದಳು. ಹೇಳುವಾಗಲೆಲ್ಲ ನನ್ನ ಕಡೆ ತಿರುಗಿ, ನನ್ನ ಕಣ್ಣು ನೋಡಿಕೊಂಡು ಹೇಳಿದಳು. ಆಮೇಲೆ ಧ್ವನಿ ತಗ್ಗಿಸಿ, “ಅಪ್ಪಾ, ಒಂದು ವಿಷ್ಯ. ನಾನು ಯಾರ್ಗೂ ಹೇಳಿಲ್ಲ, ಅಮ್ಮಂಗೂ ಹೇಳಿಲ್ಲ. ನಿಂಗೆ ಮಾತ್ರ ಹೇಳ್ತೀನಿ...” ಅಂತ ಮತ್ತೆ ನನ್ನ ಕಡೆ ತಿರುಗಿದಳು.

ಮುಂದಿನ ಟ್ರಕ್ಕಿನ ಕೆಂಪು ದೀಪ ಹೊತ್ತಿಕೊಂಡಿತು.

“ಬಾಯಿ ಮುಚ್ಕೊಂಡು ರಸ್ತೆ ನೋಡೇ!” ಅಂತ ಕಿರುಚಿದೆ.

ಅವಳು ಬ್ರೇಕು ಹಾಕಿದಳು, ಚೆನ್ನಾಗಿಯೇ ಹಾಕಿದಳು. ಏನೂ ಆಗಲಿಲ್ಲ. ಮನೆ ಮುಟ್ಟುವ ತನಕ ಇಪ್ಪತ್ತು ನಿಮಿಷ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆ ವಿಷಯ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವುದಕ್ಕೆ ಭಯ. ಇನ್ನೂ ಮೂವತ್ತೊಂಬತ್ತು ಗಂಟೆ ಇದೆ.